ಹದಿನೈದನೆಯ ಕಾದಂಬರಿಯ ಕಾವಲುಗಾರ

ದೊಡ್ಡವರ ವಿಷಯ ಬರೆಯುವ ಯೋಗ್ಯತೆ ನನಗಿಲ್ಲ, ಕ್ಷಮಿಸಿ. ಸಂಜೆ ಶಾಲೆಯಲ್ಲಿ ಟೈಪಿಂಗ್ ಕಲಿತವಳು ನಾನು, ತುಮಿನಿ. ಆದರೆ ಎಲ್ಲರೂ ಗೌರವದಿಂದ 'ಪಾಕ್' ಎಂದು ಕರೆಯುವ ಪ್ರವಿರೊ ಅವರ ಮೊದಲ ಹದಿನಾಲ್ಕು ಐತಿಹಾಸಿಕ ಕಾದಂಬರಿಗಳಲ್ಲಿ ಒಂಬತ್ತನ್ನು ಟೈಪ್ ಮಾಡಿದವಳೂ ನಾನೇ.

"ನಮ್ಮ ಜನಕ್ಕೆ ಅವರ ಇತಿಹಾಸ ವಾಪಸು ಕೊಡೋಕೆ ಬರೀತೀನಿ" ಎಂದು ಪತ್ರಿಕೆಯವರಿಗೆ ಹೇಳುತ್ತಿದ್ದರು. ಜಾವಾದ ನಮ್ಮ ಜೋಗ್ಜಾ ಊರೆಲ್ಲ ತಲೆದೂಗುತ್ತಿತ್ತು. ಮೂರನೆಯ ಕಾದಂಬರಿಯಲ್ಲಿ ರಾಜನಿಗೆ ವಿಷವಿಡುವ ಮಂತ್ರಿಗೆ ಇವರನ್ನು ಫೇಲು ಮಾಡಿದ ಮೇಷ್ಟ್ರ ಹೆಸರು. ಏಳನೆಯದರಲ್ಲಿ ಡಚ್ಚರ ಬೂಟು ಒರೆಸುವವನಿಗೆ ಭಾವಮೈದುನನ ಹೆಸರು, ಅವನ ಮೂಗಿನ ಮೇಲಿನ ನರಹುಲಿ ಸಮೇತ. ಮುನ್ನೂರು ವರ್ಷದ ಇತಿಹಾಸ ಇವರ ಹಗೆ ಹರವಿಕೊಳ್ಳಲು ಒಂದು ಚಾಪೆ, ಅಷ್ಟೇ.

ಹದಿನೈದನೆಯದರಲ್ಲಿ ಅರಮನೆಯ ಬಾಗಿಲನ್ನು ಶತ್ರುಗಳಿಗೆ ತೆರೆದುಕೊಡುವ ಕಾವಲುಗಾರ ಮಾರ್ತೊರೆಜೊ. ಅದು ತೀರಿಕೊಂಡ ನನ್ನ ಅಪ್ಪನ ಹೆಸರು. ಮೂವತ್ತು ವರ್ಷ ಜೋಗ್ಜಾ ಸುಲ್ತಾನರ ಅರಮನೆಯ ಬಾಗಿಲಲ್ಲೇ ಬರಿಗಾಲಲ್ಲಿ ಕೂತು ಸೇವೆ ಮಾಡಿದವರು.

ಕಾರಣ ಇಷ್ಟೇ. ಅಪ್ಪ ಇದ್ದಾಗ ಒಮ್ಮೆ ಸುಲ್ತಾನರ ಹುಟ್ಟುಹಬ್ಬಕ್ಕೆ ಪ್ರವಿರೊ ಓರೆಪಟ್ಟೆಯ ಪಾರಾಂಗ್ ಚಿತ್ತಾರದ ಪಂಚೆ ಉಟ್ಟು ಬಂದಿದ್ದರು. ಅರಮನೆಯೊಳಗೆ ಅದನ್ನು ರಾಜಮನೆತನದವರು ಮಾತ್ರ ಉಡಬೇಕು. ರಾಜರ ಬಗ್ಗೆ ಅಷ್ಟು ಪುಸ್ತಕ ಬರೆದವರಿಗೆ ಅದು ತಿಳಿದಿರಲಿಲ್ಲವೋ, ತಾವೂ ರಾಜರೇ ಎಂದುಕೊಂಡಿದ್ದರೋ! ಅಪ್ಪ ಬಾಗಿಲಲ್ಲೇ ತಡೆದು ಮೆಲ್ಲನೆ ತಮ್ಮದೊಂದು ಕಂದು ಪಂಚೆ ಕೊಟ್ಟರು. ಎಲ್ಲರೆದುರು ಅದನ್ನು ಸುತ್ತಿಕೊಂಡು ಒಳಗೆ ಹೋಗಬೇಕಾಯಿತು.

"ಪಾಕ್, ಈ ಹೆಸರು ಬದಲಾಯಿಸ್ತೀರಾ?"

"ಯಾಕೆ ಮಗೂ? ಚೆನ್ನಾಗಿದೆಯಲ್ಲ."

"ನಮ್ಮಪ್ಪಂದು."

"ಜಾವಾದಲ್ಲಿ ಸಾವಿರ ಮಾರ್ತೊರೆಜೊ ಇದಾರೆ. ಇತಿಹಾಸ ಯಾರಪ್ಪನ ಮುಖಾನೂ ನೋಡಲ್ಲ."

"ಪಂಚೆ ಬಿಚ್ಚಿಸಿದ್ದನ್ನ ಮಾತ್ರ ಮರೆಯಲ್ವಾ?" ಎಂದುಬಿಟ್ಟೆ.

ಅವರು ಮಲ್ಲಿಗೆ ಚಹಾ ಹೀರಿದರು. "ನಾಡಿದ್ದು ಪ್ರೆಸ್ಸಿಗೆ ಹೋಗ್ಬೇಕು. ತಪ್ಪಿಲ್ಲದೆ ಟೈಪ್ ಮಾಡು."

ಮನೆಯಲ್ಲಿ ಅಮ್ಮ ಬಾಟಿಕ್ ಬಟ್ಟೆಗೆ ಮೇಣದ ಗೆರೆ ಎಳೆಯುತ್ತಿದ್ದಳು. ಅವಳಿಗೆ ಓದು ಬರದು. ಆದರೆ ಪ್ರವಿರೊ ಪುಸ್ತಕ ಬಂದರೆ ಪಕ್ಕದ ಮನೆಯವರು ಜಗಲಿಯಲ್ಲಿ ಗಟ್ಟಿಯಾಗಿ ಓದುತ್ತಾರೆ. ನನ್ನ ಭಯ ಅದೇ. ವಿಷಯ ಮುಚ್ಚಿಟ್ಟು, ಪ್ರವಿರೊ ಹೊಸ ಪುಸ್ತಕ ಬರೆದಿದ್ದಾರೆ ಎಂದಷ್ಟೇ ಹೇಳಿದೆ.

"ಪಂಚೆ ಯಾವುದು ಉಡಬೇಕು ಅಂತ ಗೊತ್ತಿಲ್ಲದೋನು ರಾಜರ ಕತೆ ಬರೀತಾನಂತೆ! ನಿಮ್ಮಪ್ಪ ಕೊಟ್ಟಿದ್ದು ಮದುವೆ ಪಂಚೆ ಕಣೇ. ಇವತ್ತಿಗೂ ವಾಪಸು ತಂದ್ಕೊಡ್ಲಿಲ್ಲ, ದರಿದ್ರದೋನು" ಎಂದಳು.

ಹಸ್ತಪ್ರತಿಯಲ್ಲಿ ಆ ಹೆಸರು ನಲವತ್ತೊಂದು ಕಡೆ ಇತ್ತು. ನಲವತ್ತೊಂದು ಕಡೆಯೂ "ಕಾವಲುಗಾರ" ಎಂದಷ್ಟೇ ಟೈಪ್ ಮಾಡಿದೆ. ಇನ್ನೊಬ್ಬರ ಬರಹ ತಿದ್ದುವುದು ಕಳ್ಳತನವೇ ಎಂದು ಈಗಲೂ ಅಳುಕಿದೆ.

ಪ್ರವಿರೊ ನನ್ನೆದುರೇ ಪೆನ್ನು ಹಿಡಿದು ಟೈಪಾದ ಪುಟಗಳನ್ನು ತಿರುವಿದರು. ಕಾವಲುಗಾರ ಬಾಗಿಲು ತೆರೆಯುವ ಸಾಲಿನಲ್ಲೇ ಒಂದು ಅಲ್ಪವಿರಾಮ ಸೇರಿಸಿದರು. ಕಟ್ಟನ್ನು ಪ್ರೆಸ್ಸಿಗೆ ಕಳಿಸಿದರು. ಪುಸ್ತಕ ಹಾಗೆಯೇ ಅಚ್ಚಾಯಿತು. ಜಗಲಿಯಲ್ಲಿ ಓದಿದಾಗ ಅಮ್ಮ ಆಕಳಿಸಿದಳು.

ಅವರಿಗೆ ನಾಚಿಕೆಯಾಯಿತೋ, ನನಗೆ ಹೆದರಿದರೋ, ತಾವು ಬರೆದದ್ದೇ ಮರೆತುಹೋಗಿತ್ತೋ, ನನಗೆ ತಿಳಿಯದು.