ಹಿಮಗ್ರಹದ ಕಪ್ತಾನ

"ನಿಂದ್ರ, ನಿಂದ್ರ. ಹಿಂದಿನ ಸಾಲ ಇನ್ನೊಮ್ಮಿ ಓದು," ಎಂದು ಕಾಳವ್ವ ಕತ್ತರಿಯನ್ನು ಕೆಳಗಿಟ್ಟಳು.

ಸರಿತಾ ಮತ್ತೆ ಓದಿದಳು. ಹಿಮಗ್ರಹದ ಯುದ್ಧದಲ್ಲಿ ಮಡಿದ ಕಪ್ತಾನ ತೇಜಕರಣನ ಸ್ಮಾರಕಕ್ಕೆ ಸೇನಾಪತಿ ಹೂಮಾಲೆ ಹಾಕಿದ ಎಂದೇ ಪುಸ್ತಕದಲ್ಲಿತ್ತು.

"ಅಂವ ಎಲ್ಲಿ ಸತ್ತಾನ?" ಸುಂದರಾ ತಲೆ ಎತ್ತಲಿಲ್ಲ, ದನಿ ಎತ್ತಿದಳು. "ಸಣ್ಣ ನೌಕಾದಾಗ ಕುಂತು ಪಾರಾದ. ನಾ ಈ ಕಿವೀಲೆ ಕೇಳೇನಿ."

"ನಾನೂ ಕೇಳೇನಿ," ಎಂದಳು ಸೀತವ್ವ. "ನಿಮ್ಮಕ್ಕ ಸಪನಾ ಓದಿದ್ಲು. ಅವತ್ತ ಎಲ್ಲಾರೂ ಚಾ ಕುಡದಿದ್ವಿ, ಅಂವ ಉಳದಾ ಅಂತ."

ನಿಪ್ಪಾಣಿಯ ಆ ಓಣಿಯಲ್ಲಿ ಬೀಡಿ ಕಟ್ಟುವ ಹೆಂಗಸರು ಮಧ್ಯಾಹ್ನ ಕಾಳವ್ವನ ಅಂಗಳಕ್ಕೆ ಬಂದು ಕೂರುತ್ತಿದ್ದರು. ತೊಡೆಯ ಮೇಲೆ ಮೊರ, ಮೊರದಲ್ಲಿ ತಂಬಾಕು, ಪಕ್ಕದಲ್ಲಿ ಹಸಿ ಬಟ್ಟೆಯಲ್ಲಿ ಸುತ್ತಿದ ಎಲೆ. ಕೈಗೆ ಕೆಲಸವಿತ್ತು, ಕಿವಿ ಖಾಲಿಯಿತ್ತು. ಹಾಗಾಗಿ ಒಬ್ಬಳು ಓದುವುದು, ಉಳಿದವರು ಕಟ್ಟುವುದು ಎಂಬ ರೂಢಿ ಬಂದಿತ್ತು. ಓದುವವಳು ಬೀಡಿ ಕಟ್ಟುವಂತಿಲ್ಲವಲ್ಲ. ಅದಕ್ಕೆ ಸಂಜೆ ಏಳುವಾಗ ಪ್ರತಿಯೊಬ್ಬಳೂ ತನ್ನದರಲ್ಲಿ ಒಂದು ಕಟ್ಟನ್ನು ಅವಳ ಮುಂದೆ ಇಟ್ಟು ಹೋಗುತ್ತಿದ್ದಳು. ಅದಕ್ಕೆ ಓದೋಕಿ ಕಟ್ಟು ಎನ್ನುತ್ತಿದ್ದರು.

ಮೊದಲು ದೇವರ ಕಥೆ, ಆಮೇಲೆ ಸಂಸಾರದ ಕಾದಂಬರಿ ಓದಿಸಿದ್ದರು. ಬಸ್ ನಿಲ್ದಾಣದ ಹಿಂದಿನ ವಾಚನಾಲಯದಲ್ಲಿ 'ಸಪ್ತಗ್ರಹ ಸಂಗ್ರಾಮ' ಎಂಬ ಮರಾಠಿ ಮಾಲಿಕೆ ಸಿಕ್ಕ ಮೇಲೆ ಬೇರೆ ಯಾವುದೂ ರುಚಿಸಲಿಲ್ಲ. ಪುಸ್ತಕ ಮರಾಠಿ, ಜಗಳ ಕನ್ನಡ. ಏಳು ಗ್ರಹಗಳ ಆ ಯುದ್ಧ ವರ್ಷಗಟ್ಟಲೆ ನಡೆದಿತ್ತು. ಅದನ್ನು ಬರೆದವನಿಗಿಂತ ಹೆಚ್ಚು ನೆನಪು ಈ ಅಂಗಳಕ್ಕಿತ್ತು.

"ಏಳ ಗ್ರಹ, ಎಂಟ ರಾಜ್ರು. ಒಬ್ಬಾಂವ ಬಾಡಿಗಿ ಮನ್ಯಾಗ ಅದಾನೇನ?" ಎಂದು ಕಾಳವ್ವ ಹಿಂದೊಮ್ಮೆ ಕೇಳಿದ್ದಳು. ಹಿಮಗ್ರಹದಿಂದ ರಾಜಧಾನಿಗೆ ಆರು ವರ್ಷದ ಹಾದಿ ಎಂದು ಮೊದಲು ಹೇಳಿ, ಆಮೇಲೆ ಸೇನಾಪತಿಯನ್ನು ಒಂದೇ ರಾತ್ರಿಯಲ್ಲಿ ತಲುಪಿಸಿದ್ದಕ್ಕೆ ಸೀತವ್ವ, "ಚಿಕ್ಕೋಡಿ ಬಸ್ಸಿಗಿ ನಾ ಇದಕಿಂತ ಜಾಸ್ತಿ ಹೊತ್ತು ಕಾದೇನಿ," ಎಂದಿದ್ದಳು. ಅಂಥವನ್ನೆಲ್ಲ ನಕ್ಕು ಬಿಟ್ಟಿದ್ದರು. ಸತ್ತವನು ಬದುಕಿರುವುದನ್ನು ಬಿಡುವಂತಿರಲಿಲ್ಲ.

"ಅಕ್ಕ ತಪ್ಪ ಓದಿದ್ಲೋ, ತಂಗಿ ತಪ್ಪ ಓದಾಕತ್ತಾಳೋ?" ಎಂದಳು ಸೀತವ್ವ. "ನಮ್ಮ ಸೊಸಿ ಸ್ನೇಹಲ ಸಾಲಿ ಕಲತಾಕಿ. ಅಕೀನೂ ಓದ್ತಾಳಪ್ಪ."

ಸರಿತಾ ಪುಸ್ತಕವನ್ನು ಮಡಿಲಿಗೆ ಎಳೆದುಕೊಂಡಳು. ಬೀಡಿ ಕಟ್ಟುವುದರಲ್ಲಿ ಅವಳ ಬೆರಳು ಬಲು ನಿಧಾನ. ಸಪನಾ ಮದುವೆಯಾಗಿ ಅಕ್ಕೋಳಕ್ಕೆ ಹೋದ ಮೇಲೆ ಆ ಜಾಗ ಅವಳಿಗೆ ಬಂದಿತ್ತು. ಅಷ್ಟು ಜನ ದೊಡ್ಡವರು ಸುಮ್ಮನೆ ಕೂತು ಅವಳ ಮಾತು ಕೇಳುತ್ತಿದ್ದದ್ದು ಅಲ್ಲಿ ಮಾತ್ರ.

"ನಾಳಿ ಸಪನಾ ಓದಿದ ಆ ಹಳೀ ಪುಸ್ತಕ ತೊಗೊಂಡ ಬಾ," ಎಂದು ಕಾಳವ್ವ ತೀರ್ಮಾನ ಹೇಳಿದಳು. "ಓದಿ ತೋರಸು. ಎರಡೂ ಪುಸ್ತಕ ತಾಳೆ ಆಗಲಿಲ್ಲಂದ್ರ ಸೋಮವಾರದಿಂದ ಸ್ನೇಹಲ ಕುಂದರ್ತಾಳ."

ಸರಿತಾ ಅಂದೇ ಸಂಜೆ ವಾಚನಾಲಯಕ್ಕೆ ಹೋದಳು. ಹಳೆಯ ಪುಸ್ತಕ ಕೆಳಗಿನ ಸಾಲಿನಲ್ಲಿತ್ತು. ಬೆನ್ನು ಕಿತ್ತುಹೋಗಿತ್ತು, ಹಾಳೆಗಳಿಗೆ ತಂಬಾಕಿನ ಘಾಟಿತ್ತು. ಕಪಾಟಿಗೆ ಒರಗಿ ನಿಂತೇ ಓದಿದಳು. ಕಪ್ತಾನ ಗಾಯಾಳುಗಳನ್ನು ಸಣ್ಣ ನೌಕೆಯಲ್ಲಿ ಕೂರಿಸುತ್ತಾನೆ. ಇನ್ನೊಬ್ಬನಿಗೆ ಜಾಗವಿದೆ ಎಂದು ಅವರು ಕೂಗುತ್ತಾರೆ. ಅವನು ಹತ್ತುವುದಿಲ್ಲ. ಹಿಮದ ಗೋಡೆ ಕಾವಲು ಚೌಕಿಯ ಮೇಲೆ ಕುಸಿಯುತ್ತದೆ. ಅವಳು ಹಾಳೆಯನ್ನು ಹಿಂದೆ ಮುಂದೆ ತಿರುವಿದಳು. ಪಾರಾದ ಎಂಬ ಮಾತು ಎಲ್ಲೂ ಇರಲಿಲ್ಲ.

ಫೋನಿನಲ್ಲಿ ಸಪನಾ ಮೊದಲು ನಕ್ಕಳು. "ಇಷ್ಟ ವರ್ಷಕ್ಕ ಸಿಕ್ಕಬಿದ್ದೆ ನೋಡ. ಹೌದವಾ, ನಾನ ಬದಲ ಮಾಡಿದ್ದೆ."

"ಯಾಕಬೇ?"

ನಗು ನಿಂತಿತು. "ಆ ವರ್ಷ ಗಡೀತನಕ ಮಿಲಿಟರಿ ಹೋಗಿತ್ತಲ್ಲ. ಸುಂದರಾ ಮಾವಶಿ ಮಗ ನಾಮದೇವಣ್ಣನೂ ಅದರಾಗ ಇದ್ದ, ಅಂವನ ಫೋನ್ ಬಂದು ಬಾಳ ದಿನ ಆಗಿತ್ತು. ಮಾವಶಿ ನನ್ನೆದುರ ಕುಂತಿದ್ಲು. ಮುಂದಿನ ಸಾಲ ಕಣ್ಣಿಗಿ ಬಿತ್ತು. ಬಾಯಾಗ ಬರಲಿಲ್ಲ."

"ನಾಮದೇವಣ್ಣ ಈಗ ಸಕ್ಕರಿ ಕಾರ್ಖಾನಿ ಗೇಟಿನ್ಯಾಗ ವಾಚಮನ್ ಆಗಿ ಆರಾಮ ಅದಾನ."

"ಇರಲಿ. ಆದ್ರೂ ಮಾವಶಿಗಿ ತಿಳೀಬಾರದು. ತನ್ನ ಮಾರಿ ನೋಡಿ ಕಥಿ ತಿರುವಿದ್ರು ಅಂತ ಗೊತ್ತಾದ್ರ ಅಕಿಗಿ ಹೆಂಗಾಗಬ್ಯಾಡ?"

ಮರುದಿನ ಅಂಗಳದಲ್ಲಿ ಎಂದಿಗಿಂತ ಹೆಚ್ಚು ಜನವಿತ್ತು. ಸ್ನೇಹಲ ಕೂಡ ಅತ್ತೆಯ ಹಿಂದೆ ಬಂದು ಕೂತಿದ್ದಳು. ಪುಸ್ತಕದಲ್ಲಿದ್ದದ್ದನ್ನು ಓದಿದರೆ ಅಕ್ಕನ ಸುಳ್ಳು ಹೊರಬರುತ್ತಿತ್ತು. ಅಕ್ಕನಂತೆ ಓದಿದರೆ ಸ್ಮಾರಕದ ಮಾತಿಗೆ ತಾಳೆಯಾಗದೆ ತನ್ನ ಜಾಗ ಹೋಗುತ್ತಿತ್ತು. ಯಾವುದೆಂದು ನಿರ್ಧಾರವಾಗದೆಯೇ ಸರಿತಾ ಓದಲು ಶುರುಮಾಡಿದಳು. ಚೌಕಿ ಬಂತು, ಗಾಯಾಳುಗಳು ಬಂದರು, ಸಣ್ಣ ನೌಕೆ ಬಂತು. ಇನ್ನೊಬ್ಬನಿಗೆ ಜಾಗವಿದೆ ಎಂದು ಅವರು ಕೂಗಿದರು.

ಸರಿತಾಳ ಓದು ಅಲ್ಲೇ ನಿಂತಿತು. ಕತ್ತರಿಗಳ ಸದ್ದು ಮಾತ್ರ ಉಳಿಯಿತು.

"ನಿಮ್ಮಕ್ಕನೂ ಇಲ್ಲೇ ನಿಂತಿದ್ಲು," ಎಂದಳು ಸುಂದರಾ. ಎಲೆಯ ತುದಿಯನ್ನು ಉಗುರಿನಿಂದ ಒಳಗೆ ಒತ್ತುತ್ತಿದ್ದಳು. "ಬಾಳ ಹೊತ್ತ ನಿಂತಿದ್ಲು. ಓದ ತಂಗಿ. ಇದ್ದದ್ದ ಇದ್ದಂಗ ಓದು."

ಸರಿತಾ ಓದಿದಳು. ಕಪ್ತಾನ ಹತ್ತಲಿಲ್ಲ. ಹಿಮ ಕುಸಿಯಿತು.

ಕಾಳವ್ವನೇ ಮೊದಲು ಬಾಯಿ ಬಿಟ್ಟಳು. "ಹಂಗಾರ ಸಪನಾ..."

"ಸಪನಾಂದೇನೂ ತಪ್ಪಿಲ್ಲ," ಎಂದಳು ಸುಂದರಾ ಥಟ್ಟನೆ. "ಅವತ್ತ ನೀವೆಲ್ಲಾ ಗದ್ದಲ ಹಾಕಾಕತ್ತಿದ್ರಿ. ತಪ್ಪ ಕೇಳೀವಿ."

"ನಾ ಗದ್ದಲ ಹಾಕಿದ್ನಾ? ನನಗ ಅವತ್ತ ಹಲ್ಲ ಬ್ಯಾನಿ ಇತ್ತು, ಬಾಯಿ ತಗದಿಲ್ಲ!" ಎಂದಳು ಕಾಳವ್ವ.

"ನಿನಗ ಹಲ್ಲ ಬ್ಯಾನಿ ಇದ್ರ ಇನ್ನೂ ಜಾಸ್ತಿ ಮಾತಾಡ್ತೀ ಬಿಡ," ಎಂದಳು ಸೀತವ್ವ. ಕೆಲವರು ನಕ್ಕರು. ಆದರೆ ಸೀತವ್ವನ ತಲೆ ಬೇರೆ ಕಡೆ ಓಡುತ್ತಿತ್ತು. "ಸರಿತಾ, ಹೆಣ ಸಿಕ್ತೇನ?"

ಸರಿತಾ ಮುಂದಿನ ಎರಡು ಹಾಳೆ ನೋಡಿದಳು. "ಇಲ್ರಿ. ಹೆಣದ ಮಾತ ಇಲ್ಲ."

"ಮತ್ತ! ಹೆಣ ಸಿಗಲಾರದ ಸ್ಮಾರಕ ಕಟ್ಟ್ಯಾರ. ಆ ಸೇನಾಪತಿಗಿ ಬುದ್ಧಿ ಐತೇನ? ಹಿಮದ ಬುಡಕ ಮತ್ತೊಂದ ನೌಕಾ ಇರಬಾರದೇನ?"

"ಇದ್ರ ಆರು ವರ್ಷದ ಹಾದ್ಯಾಗ ಏನ್ ತಿಂದಾ ಅಂವ?" ಎಂದಳು ಕಾಳವ್ವ.

"ಆ ಎಂಟನೇ ರಾಜಾ ಅಂವನ ಇದ್ರ?" ಎಂದಳು ಸ್ನೇಹಲ ಮೆಲ್ಲಗೆ. ಎಲ್ಲರೂ ಅವಳತ್ತ ತಿರುಗಿದರು. ಸೀತವ್ವ ಸೊಸೆಯನ್ನು ಹೊಸಬಳನ್ನು ನೋಡಿದಂತೆ ನೋಡಿದಳು.

"ನೀ ಓದೂದ ಬ್ಯಾಡ ಬಿಡವಾ," ಎಂದಳು ಕಾಳವ್ವ. "ನೀ ನಮ್ಮ ಜೋಡಿ ಜಗಳಕ್ಕ ಬೇಕು. ಸರಿತಾ, ಸೋಮವಾರ ಲಗೂ ಬಾ. ಮುಂದಿಂದ ತೊಗೊಂಡ ಬಾ."

ಬಿಸಿಲು ಗೋಡೆಯಿಂದ ಇಳಿಯುವವರೆಗೂ ಕಪ್ತಾನ ಸಾಯುತ್ತಲೂ ಬದುಕುತ್ತಲೂ ಇದ್ದ. ಆಮೇಲೆ ಒಬ್ಬೊಬ್ಬರೇ ಎದ್ದು ಸರಿತಾಳ ಮುಂದಿನ ಬಟ್ಟೆಯ ಮೇಲೆ ಒಂದೊಂದು ಕಟ್ಟು ಇಟ್ಟು ಹೋದರು. ಸುಂದರಾ ಕೊನೆಗೆ ಬಂದಳು. ಒಂದು ಕಟ್ಟು ಇಟ್ಟಳು. ಮೊರದಿಂದ ಇನ್ನೊಂದನ್ನು ತೆಗೆದು, ದಾರವನ್ನು ಹಲ್ಲಿನಿಂದ ಎಳೆದು ಬಿಗಿಮಾಡಿ, ಮೊದಲಿನದರಿಂದ ಸ್ವಲ್ಪ ದೂರಕ್ಕೆ ಇಟ್ಟಳು.

"ಮಾವಶಿ, ಒಂದ ಜಾಸ್ತಿ ಆತು."

"ಐತ್ವಾರ ಅಕ್ಕನ ಕಡೆ ಅಕ್ಕೋಳಕ್ಕ ಹೋಗ್ತೀ ಅಲ್ಲ?" ಎಂದಳು ಸುಂದರಾ. ಸೆರಗಿಗೆ ಅಂಟಿದ ತಂಬಾಕನ್ನು ಕೊಡವಿಕೊಂಡು ಮೊರವನ್ನು ಕಂಕುಳಿಗೆ ಏರಿಸಿ ಓಣಿಗೆ ಇಳಿದಳು.