ಬಾಗಿಲಿಗೆ ಹಾಕಿದ ಹೊಲಿಗೆ

“ನಿನ್ನ ಗಂಡ ಬಂದು ಹೂಂ ಅನ್ಲಿ, ಚೀಟಿ ಕೊಡ್ತೀನಿ. ಅವನ ಬೆನ್ನು ಹಿಡ್ಕೊಂಡು ಈ ದೇಶಕ್ಕೆ ಬಂದೋಳು ನೀನು. ಅವನಿಲ್ದೆ ನೀನು ನಮ್ಮ ಲೆಕ್ಕಕ್ಕೇ ಇಲ್ಲ,” ಎಂದ ಅಧಿಕಾರಿ, ಕಿಟಕಿಯ ಆಚೆ ಕುಳಿತು ಕಿವಿಯಲ್ಲಿ ಬೆರಳಾಡಿಸುತ್ತ.

ಈಚೆ ನಿಂತಿದ್ದವಳನ್ನು ಲಾಂಡ್ರಿಯಲ್ಲಿ ಎಲ್ಲರೂ ಸೂಜಿ ಎಂದೇ ಕರೆಯುತ್ತಿದ್ದರು. ಹೋಟೆಲುಗಳಿಂದ ಹರಿದು ಬರುವ ಹಾಸುಬಟ್ಟೆಗಳಿಗೆ ತೇಪೆ ಹಾಕುವುದು ಅವಳ ಕೆಲಸ. ಗಂಡ ಬಾಗಿಲ ಸಂದಿಯಲ್ಲಿಟ್ಟು ಜಜ್ಜಿದ ಮೇಲೆ ಬಲಗೈ ಬೆರಳುಗಳು ಸೊಟ್ಟಗಾಗಿದ್ದವು. ಎಡಗೈಯಲ್ಲಿ ಹೊಲಿಯಲು ಕಲಿತಳು, ಹೊಲಿಗೆ ಸೊಟ್ಟಗಾಗಲಿಲ್ಲ. ಮನೆ ಬಿಟ್ಟಂದಿನಿಂದ ಬಟ್ಟೆಮೂಟೆಗಳ ನಡುವೆಯೇ ಅವಳ ಹಾಸಿಗೆ. ಹೆಂಗಸರ ಆಶ್ರಯಮನೆಯಲ್ಲಿ ಮಂಚವೇನೋ ಖಾಲಿಯಿತ್ತು. ಆದರೆ ಹೊರದೇಶದಿಂದ ಬಂದವರಿಗೆ ಈ ಕಚೇರಿಯ ಚೀಟಿಯಿಲ್ಲದೆ ಅದರ ಬಾಗಿಲು ತೆರೆಯುತ್ತಿರಲಿಲ್ಲ.

“ಹೊಡೆದೋನೇ ಬಂದು ಹೊಡೆದೆ ಅಂತ ಒಪ್ಕೋಬೇಕಾ ಸಾರ್?”

“ನಿಮ್ಮ ಜನಾನೇ ಇಷ್ಟು. ಮನೇಲಿ ಒದೆ ತಿನ್ನೋದು, ಇಲ್ಲಿ ಬಂದು ನಮ್ಮ ತಲೆ ತಿನ್ನೋದು. ನಿನ್ನ ಗಂಡನಿಗೆ ಹೇಳಿ ಕಳಿಸಿದೀನಿ. ನಾಳೆ ಬೆಳಗ್ಗೆ ಬಂದು ಅವನ ಜೊತೆ ತೆಪ್ಪಗೆ ಹೋಗು. ಬರ್ಲಿಲ್ವಾ, ಗಡಿ ದಾಟಿಸ್ತೀನಿ.”

ಅವನ ಕಾಲ ಬುಡದಲ್ಲಿ ನೆಲ ಒರೆಸುತ್ತಿದ್ದ ಕಚೇರಿಯ ಕಸದಮ್ಮ ತಲೆ ಎತ್ತಿ ಸೂಜಿಯ ಸೊಟ್ಟ ಬೆರಳುಗಳನ್ನೇ ನೋಡಿದಳು. ಬೂಟಿಗೆ ನೀರು ಹಾರಿತೆಂದು ಅಧಿಕಾರಿ ಬಕೆಟ್ಟನ್ನು ಒದ್ದ. ಅವಳು ಚೆಲ್ಲಿದ ಫಿನಾಯಿಲು ನೀರನ್ನು ಬಟ್ಟೆಯಿಂದ ಹೀರಿ ಹಿಂಡಿದಳು.

ಲಾಂಡ್ರಿಯಲ್ಲಿ ಸುದ್ದಿ ಕೇಳಿದ ಹಬೆಯಮ್ಮ, ಇಸ್ತ್ರಿ ಯಂತ್ರದ ಹಬೆಯೊಳಗಿನಿಂದಲೇ ಅಧಿಕಾರಿಯ ಹಿಂದಿನವರನ್ನೂ ಮುಂದಿನವರನ್ನೂ ಒಂದೇ ಉಸಿರಿನಲ್ಲಿ ವಿಚಾರಿಸಿಕೊಂಡಳು. ಇಂಥ ಹುಡುಗಿಯರ ಕೈ ಹಿಡಿದುಕೊಂಡು ಆ ಕಚೇರಿಗೆ ಅಲೆದು ಚಪ್ಪಲಿ ಸವೆಸಿದವಳು ಅವಳು.

“ಇಷ್ಟು ದಿನ ಆ ಬಡ್ಡಿಮಗನ ಕಿವಿಗೆ ಹೇಳಿದ್ದಾಯ್ತು,” ಎಂದಳು. “ಇನ್ನು ಕಣ್ಣಿಗೆ ಹೇಳಾಣ.”

ತೇಪೆಗೂ ಸಲ್ಲದ ದೊಡ್ಡ ಹಾಸುಬಟ್ಟೆಯೊಂದು ಮೂಲೆಯಲ್ಲಿ ಬಿದ್ದಿತ್ತು. ಯಾವ ಬಟ್ಟೆ ಯಾವ ಹೋಟೆಲಿನದೆಂದು ಗುರುತು ಹಾಕುವ ಕೆಂಪು ದಾರ ಉಂಡೆಗಟ್ಟಲೆ ಇತ್ತು. ಅದರ ಮೇಲೆ ಏನೆಂದು ಹೊಲಿಯಬೇಕೆಂಬುದೇ ಜಗಳವಾಯಿತು. ಬಟ್ಟೆ ಮಡಿಸುವ ಉದ್ದಕ್ಕ ಸೂಚಿಸಿದ ಬೈಗುಳ ಅವಳಷ್ಟೇ ಉದ್ದವಿತ್ತು. ಅದಕ್ಕೆ ದಾರ ಸಾಲದೆಂದು ಎಲ್ಲರೂ ಸೇರಿ ಅವಳ ಬಾಯಿ ಮುಚ್ಚಿಸಿದರು. ಕಡೆಗೆ ಸೂಜಿ ತನಗೆ ತೋಚಿದ್ದನ್ನೇ ಅಂಗೈಯಗಲದ ಅಕ್ಷರಗಳಲ್ಲಿ ಹೊಲಿದಳು: ಹೊಡೆದವನ ಒಪ್ಪಿಗೆ ನಮಗೆ ಬೇಡ. ಬಾಗಿಲು ತೆಗೆಯಿರಿ.

ಮರುದಿನ ಬೆಳಗ್ಗೆ ಲಾಂಡ್ರಿಯ ಹೆಂಗಸರು ಕಚೇರಿಯ ಕಂಬಿ ಗೇಟಿನೆದುರು ನಿಂತರು. ಒಂದು ತುದಿಗೆ ಉದ್ದಕ್ಕ, ಇನ್ನೊಂದು ತುದಿಗೆ ಸ್ಟೂಲಿನ ಮೇಲೆ ಹಬೆಯಮ್ಮ ನಿಂತು ಬಟ್ಟೆಯನ್ನು ಎಲ್ಲರ ತಲೆಯ ಮೇಲಕ್ಕೆ ಎತ್ತಿ ಹಿಡಿದರು. ಅಧಿಕಾರಿ ಹೊರಗಿಣುಕಿ, ಒಣಗಿಸಲು ಬೇರೆಲ್ಲೂ ಜಾಗ ಸಿಗಲಿಲ್ಲವೇ ಎಂದು ನಕ್ಕ. ಇವನಿಗೆ ಓದಲೂ ಬಾರದೇ ಎಂದು ಹೆಂಗಸರು ಮುಖ ಮುಖ ನೋಡಿಕೊಂಡರು.

ಬಟ್ಟೆಯ ಮುಖ ಮಡಿಸುವವರ ಕಡೆಗೇ ಇರಬೇಕು, ಕಲೆ ಉಳಿದಿದ್ದರೆ ಕಣ್ಣಿಗೆ ಬೀಳಬೇಕು: ಇದು ಲಾಂಡ್ರಿಯ ಮೊದಲ ಪಾಠ. ಕೈಗಳು ಅಭ್ಯಾಸ ಬಿಟ್ಟಿರಲಿಲ್ಲ. ಅಕ್ಷರಗಳೆಲ್ಲ ತಮ್ಮತ್ತಲೇ ತಿರುಗಿರುವುದನ್ನು ಮೊದಲು ಕಂಡವಳು ಸೂಜಿ.

“ಥೂ ಮುಂಡೇವಾ,” ಎಂದು ಹಬೆಯಮ್ಮ ಸ್ಟೂಲಿನ ಮೇಲೆಯೇ ನಗತೊಡಗಿದಳು. “ನಮ್ಮ ಗೋಳು ನಾವೇ ಓದ್ಕೊಂಡು ನಿಂತಿದೀವಲ್ರೇ.”

ಓದಿದವರು ಅವರಷ್ಟೇ ಅಲ್ಲ. ಬೆನ್ನ ಹಿಂದೆ, ರಸ್ತೆಯಾಚೆಯ ಬಸ್‌ಸ್ಟಾಪಿನಲ್ಲಿ ನಿಂತ ಜನವೆಲ್ಲ ಓದಿಯಾಗಿತ್ತು. ಹೂವು ಮಾರುವ ದಪ್ಪ ಹೆಂಗಸೊಬ್ಬಳು ತನ್ನ ಬಸ್ಸನ್ನು ಬಿಟ್ಟು ರಸ್ತೆ ದಾಟಿ ಬಂದಳು. ತನ್ನ ಮಗಳ ಮನೆಯಲ್ಲೂ ಇದೇ ರಾಮಾಯಣ ಎಂದು ಹೇಳಿ, ಯಾರ ಅಪ್ಪಣೆಯನ್ನೂ ಕೇಳದೆ ಬಟ್ಟೆಯ ಅಂಚನ್ನು ಹಿಡಿದಳು. ಅವಳ ಹಿಂದೆ ಇನ್ನಷ್ಟು ಜನ ಬಂದರು.

ಅಷ್ಟರಲ್ಲಿ ಸೂಜಿಯ ಗಂಡ ಬಸ್ಸಿನಿಂದ ಇಳಿದ. ಇಸ್ತ್ರಿ ಮಾಡಿದ ಅಂಗಿ, ನೀಟಾಗಿ ಬಾಚಿದ ತಲೆ. ಹೊಸ ಅಳಿಯನ ಗತ್ತು. ಬಟ್ಟೆಯ ಮೇಲಿನದನ್ನು ಓದುತ್ತ ಬಂದವನ ನಡಿಗೆ ನಿಧಾನವಾಯಿತು.

“ಬನ್ನಿ ಭಾವ,” ಎಂದಳು ಉದ್ದಕ್ಕ. “ನಿಮ್ಮ ಒಪ್ಪಿಗೆಗೇ ಕಾಯ್ತಿದ್ವಿ.”

ಎಲ್ಲರೂ ಹೊರಳಿ ಅವನನ್ನು ನೋಡಿದರು. ಅವನು ಸೂಜಿಯ ತೋಳಿಗೆ ಕೈ ಹಾಕಿ, ಹಲ್ಲಿನ ಸಂದಿಯಲ್ಲೇ ಗದರಿದ. “ನಡಿಯೇ ಮನೆಗೆ, ಲೌಡಿ. ನನ್ನ ಮಾನ ಕಳೀಬೇಡ.”

ಸೂಜಿ ತನ್ನ ಸೊಟ್ಟ ಬೆರಳುಗಳನ್ನು ಅವನ ಮುಖದೆದುರು ಹಿಡಿದಳು. “ಹೊಡಿ. ಮನೇಲಿ ಹೊಡಿಯೋ ಹಂಗೇ ಹೊಡಿ. ಇವರೂ ನೋಡ್ಲಿ.”

ತೋಳಿನ ಮೇಲಿದ್ದ ಕೈ ಸಡಿಲವಾಯಿತು. ಹೂವಿನವಳು ತನ್ನ ಬುಟ್ಟಿಯನ್ನು ಗಂಡಹೆಂಡಿರ ನಡುವೆ ಧೊಪ್ಪನೆ ಇಟ್ಟು, ಅದರ ಹಿಂದೆ ತಾನೂ ನಿಂತಳು. ಅವನು ಸುತ್ತ ನೋಡಿ, ಹೊರಟು ನಿಂತ ಬಸ್ಸೊಂದಕ್ಕೆ ಓಡಿ ಹತ್ತಿದ. ಅದು ಅವನ ಮನೆಯ ಕಡೆಗೆ ಹೋಗುವ ಬಸ್ಸಾಗಿರಲಿಲ್ಲ. ಅದನ್ನು ಅವನಿಗೆ ಹೇಳುವ ಗೋಜಿಗೆ ಯಾರೂ ಹೋಗಲಿಲ್ಲ.

ಅಧಿಕಾರಿ ಗೇಟನ್ನು ಎಳೆದು ಮುಚ್ಚಿಕೊಂಡು, ತಮಾಷೆ ಮುಗಿಯಿತು, ಇನ್ನು ಹೊರಡಿ ಎಂದ.

“ಉದ್ದಕ್ಕ, ತಿರುಗಿಸು,” ಎಂದಳು ಸೂಜಿ.

ಅಕ್ಷರಗಳನ್ನು ಒಳಮುಖ ಮಾಡಿ ಬಟ್ಟೆಯನ್ನು ಗೇಟಿನುದ್ದಕ್ಕೂ ಒತ್ತಿ ಹಿಡಿದರು. ಸೂಜಿ ಸೆರಗಿಗೆ ಚುಚ್ಚಿಕೊಂಡಿದ್ದ ತನ್ನ ದಪ್ಪ ಸೂಜಿಯನ್ನು ತೆಗೆದು, ಅಂಚಿನಿಂದ ಬಟ್ಟೆಯನ್ನು ಕಂಬಿಗೆ ಹೊಲಿಯತೊಡಗಿದಳು.

“ಏಯ್, ಏನೇ ಅದು? ಬಿಚ್ಚು ಮೊದಲು.”

“ಬಿಚ್ಚೋಕೆ ನನ್ನ ಗಂಡನ ಒಪ್ಪಿಗೆ ಬೇಕಲ್ಲ ಸಾರ್,” ಎಂದಳು ಸೂಜಿ. “ಅವನಿಲ್ದೆ ನಾನು ನಿಮ್ಮ ಲೆಕ್ಕಕ್ಕೇ ಇಲ್ಲ.”

ಬಸ್‌ಸ್ಟಾಪಿನವರೆಗೂ ನಗು ಹಬ್ಬಿತು. ಒಳಗೆ ಅಧಿಕಾರಿ, ಕತ್ತರಿ ತಾ ಎಂದು ಕಸದಮ್ಮನ ಮೇಲೆ ಕೂಗಾಡುವುದು ಕೇಳಿಸಿತು. ಗೇಟಿನ ಒಳಬದಿಯಲ್ಲಿ ಬಕೆಟ್ಟು ನೆಲಕ್ಕೆ ಕೂತ ಸದ್ದಾಯಿತು. ಹೊಲಿಗೆ ಗೇಟಿನ ನಡುಮಧ್ಯಕ್ಕೆ ಬಂದಿತ್ತು. ಇಲ್ಲಿ ಅಂಚಿನಿಂದ ಕೈ ತೂರಿಸಿ ಸೂಜಿಯನ್ನು ಹಿಂದಕ್ಕೆ ತರಲು ಆಗುತ್ತಿರಲಿಲ್ಲ. ಆದರೂ ಅವಳು ಅದನ್ನು ಬಟ್ಟೆಯೊಳಗೆ ತೂರಿಸಿಬಿಟ್ಟು ಕಾದಳು.

ದಾರ ಒಳಗಿನಿಂದ ಮೆಲ್ಲಗೆ ಜಗ್ಗಿತು. ಕಂಬಿಯ ಇನ್ನೊಂದು ಪಕ್ಕದಲ್ಲಿ ಬಟ್ಟೆ ಉಬ್ಬಿ, ಸೂಜಿಯ ಮೊನೆ ಹೊರಕ್ಕೆ ಬಂತು. ಎಳೆದು ಬಿಗಿ ಮಾಡಿ ಮತ್ತೆ ತೂರಿಸಿದಳು. ಮತ್ತೆ ಹೊರಬಂತು. ಒದ್ದೆಯಾದ ದಾರ ಫಿನಾಯಿಲು ವಾಸನೆ ಹೊಡೆಯುತ್ತಿತ್ತು.