ಮುದಿ ಹುಲಿಯ ಹಿತನುಡಿ

ಅವಳಿಗೊಂದು ಸಣ್ಣ ಚಿಂತೆ ಅಂಟಿಕೊಂಡಿತ್ತು, ಯಾರಿಗೂ ಹೇಳಿಕೊಳ್ಳುವಂಥದ್ದಲ್ಲ. ದಿನಚರಿ ಬರೆಯಲು ಕೂತರೆ ಅರವತ್ತು ದಾಟಿದ ಗಂಡಸಿನ ದನಿ ಬರುತ್ತಿತ್ತು. "ಗೆಳೆಯರೇ, ಬಿದ್ದವನೇ ಮೈದಾನವನ್ನು ಬಲ್ಲ" ಎಂದು ಬರೆದು, ಥೂ, ಇದು ನಾನಲ್ಲ ಎಂದು ಗೀಚಿಹಾಕುತ್ತಿದ್ದಳು.

ಆ ದನಿಯೇ ಅವಳ ನೌಕರಿ. ಟೈರ್ ಅಂಗಡಿಯ ಮೇಲಿನ ಒಂದೇ ಕೋಣೆಯ ಆಫೀಸಿನಲ್ಲಿ ದಕ್ಷಿಣ ಅಮೆರಿಕದ ನಿವೃತ್ತ ಫುಟ್‌ಬಾಲ್ ಆಟಗಾರನೊಬ್ಬನ ಹೆಸರಲ್ಲಿ ಫೇಸ್‌ಬುಕ್ ಪುಟ ನಡೆಯುತ್ತಿತ್ತು. ಅಭಿಮಾನಿಗಳು ಲಕ್ಷಗಟ್ಟಲೆ, ಅವರ ಬಾಯಲ್ಲಿ ಅವನು ಮುದಿ ಹುಲಿ. ಹುಲಿಯೇನೋ ಎಲ್ಲೋ ಕಡಲ ದಂಡೆಯಲ್ಲಿ ಮೊಮ್ಮಕ್ಕಳೊಂದಿಗೆ ತೆಪ್ಪಗಿತ್ತು. ಅದರ ಪರವಾಗಿ ದಿನವೂ ಗರ್ಜಿಸುತ್ತಿದ್ದವಳು ಮಾತ್ರ ಅಂಗಡಿಯಲ್ಲಿ ಚಿಲ್ಲರೆ ವಾಪಸ್ ಕೇಳಲೂ ನಾಚುವ ಇವಳು. "ನಿನ್ನ ಹೆಸರು ಹಾಕಿದ್ರೆ ನಿಮ್ಮಮ್ಮನೂ ಲೈಕ್ ಒತ್ತಲ್ಲ ಕಣಮ್ಮ" ಎಂದು ಆಫೀಸಿನ ಯಜಮಾನ ನಗುತ್ತಿದ್ದ. ಮನೆಯಲ್ಲಿ ಅವಳು ಟೈಪಿಂಗ್ ಕೆಲಸ ಎಂದಷ್ಟೇ ಹೇಳಿದ್ದಳು. ಅಣ್ಣನಿಗೆ ಹುಲಿಯೆಂದರೆ ಪ್ರಾಣ.

ಆ ಅಣ್ಣ ಮಂಡಿಯ ಆಪರೇಷನ್ ಆಗಿ ಗೋಡೆಗೊರಗಿ ಕೂತದ್ದನ್ನು ನೋಡಿ, "ನೋವು ಸುಳ್ಳು ಹೇಳುವುದಿಲ್ಲ, ಅದರ ಮಾತು ಕೇಳು" ಎಂದು ಬರೆದುಕೊಟ್ಟಿದ್ದಳು. ಯಜಮಾನ ಓದಿ, ಹುಲಿ ಯಾವತ್ತಾದರೂ ಮಿಯಾಂವ್ ಅನ್ನುತ್ತದೆಯೇ ಎಂದು ಹಂಗಿಸಿ, ನಿಂತ ನಿಲುವಿನಲ್ಲೇ ತಿರುಗಿಸಿದ: "ನೋವು ಸುಳ್ಳು ಹೇಳುತ್ತದೆ. ಕಿವಿಗೊಡಬೇಡ, ಆಡು." ಮೈಯೆಲ್ಲ ಉರಿದರೂ ಅವಳು ಅದನ್ನೇ ಪುಟಕ್ಕೆ ಹಾಕಿದಳು. ಸಂಜೆಯೊಳಗೆ ಆ ಮಾತು ಕಾಡ್ಗಿಚ್ಚಾಯಿತು.

ಭಾನುವಾರ ಬೆಳಿಗ್ಗೆ ಅಣ್ಣನ ಮಂಡಿಪಟ್ಟಿ ಕುರ್ಚಿಯ ಮೇಲೆ ಬಿದ್ದಿತ್ತು. ಅವನು ಬೂಟಿನ ಲೇಸು ಬಿಗಿಯುತ್ತಿದ್ದ. ಅವನ ಕಾರ್ಖಾನೆ ತಂಡದ ಫುಟ್‌ಬಾಲ್ ಪಂದ್ಯವಂತೆ. ಅಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಈ ಸಲ ಹರಿದ್ರೆ ಜನ್ಮಪೂರ್ತಿ ಕುಂಟಬೇಕು ಅಂದಿಲ್ವೇನೋ ಡಾಕ್ಟರು?"

"ಡಾಕ್ಟರು ಯಾವತ್ತು ಬಾಲ್ ಒದ್ದಿದ್ರಮ್ಮಾ? ಒದ್ದವನೇ ಹೇಳಿದಾನೆ, ನೋಡು." ಫೋನನ್ನು ತಂಗಿಯ ಮೂಗಿಗೆ ಹಿಡಿದ. "ನೀನು ಓದಿದವಳಲ್ವೇನೇ, ಅಮ್ಮಂಗೆ ಅರ್ಥ ಮಾಡಿಸು."

ಹುಲಿಯ ನರೆತ ಗಡ್ಡ, ಕೆಳಗೆ ಆ ಎರಡು ಸಾಲು, ಅದರ ಕೆಳಗೆ ಚಪ್ಪಾಳೆಯ ಮಳೆ. ಅಂಗಾಲಿನ ಸಿಟ್ಟು ಅವಳ ನೆತ್ತಿಗೇರಿತು. ಮಂಡಿ ಯಾರದೋ, ಶೌರ್ಯ ಯಾರದೋ. ಲೈಕ್ ಒತ್ತಿದವರಲ್ಲಿ ಒಬ್ಬನಾದರೂ ನಾಳೆ ಇವನನ್ನು ಬಚ್ಚಲಿಗೆ ಎತ್ತಿಕೊಂಡು ಹೋಗುತ್ತಾನೆಯೇ? ಯಜಮಾನನ ಮೇಲೆ ಎಷ್ಟು ಸಿಟ್ಟೋ, ಅಂದು ಬಾಯಿಗೆ ಬೀಗ ಹಾಕಿಕೊಂಡ ತನ್ನ ಮೇಲೂ ಅಷ್ಟೇ.

"ಅದು ಅವನ ಮಾತಲ್ಲ, ಅಣ್ಣ."

"ಮತ್ಯಾರದು, ನಿಂದಾ?" ಅಣ್ಣ ನಕ್ಕು ಅಮ್ಮನನ್ನು ಸರಿಸಲು ಕೈ ಚಾಚಿದ.

ಅವಳು ಆ ಕೈ ಹಿಡಿದಳು. ಅವಳ ಗಂಟಲಿನಿಂದ ಅಷ್ಟು ದೊಡ್ಡ ದನಿ ಆ ಮನೆ ಹಿಂದೆಂದೂ ಕೇಳಿರಲಿಲ್ಲ.

"ಹೂಂ. ಟೈರ್ ಅಂಗಡಿ ಮೇಲೆ ಕೂತು ಅವನ ಹೆಸರಲ್ಲಿ ಬರೆಯೋದು ನಾನೇ. ನಾನು ಬರೆದಿದ್ದನ್ನ ಯಜಮಾನ ಉಲ್ಟಾ ಮಾಡಿದ. ಆ ಪುಟದಲ್ಲಿ ಅವನದು ಅಂತ ಒಂದು ಮಾತೂ ಇಲ್ಲ."